ಲೈನಿನ ಮ್ಯಾಲ ಇದ್ದೀರೇನು?

ನಮ್ಮ ಸಂಸ್ಥೆಯಲ್ಲಿ ಯಾರ ಮೆದುಳಿನ ನಕ್ಷೆ ತೆಗೆದರೂ ಮೊದಲು ಅದನ್ನು ನನ್ನ ಮೆದುಳಿನ ನಕ್ಷೆಯ ಪಕ್ಕ ಇಟ್ಟು ನೋಡುತ್ತಾರೆ. ಇಷ್ಟು ಕೇಳಿ ನಾನೇನೋ ಮಹಾ ಬುದ್ಧಿವಂತನಿರಬೇಕು ಎಂದುಕೊಳ್ಳಬೇಡಿ. ಕಿರಾಣಿ ಅಂಗಡಿಯವನು ಸಾಮಾನು ತೂಗುವ ಮೊದಲು ತಕ್ಕಡಿಯ ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ನೋಡುತ್ತಾನಲ್ಲ, ಆ ಸೊನ್ನೆ ನಾನು.

ಹೆಸರು ಗುರುಸಿದ್ದಪ್ಪ ಮುಳಗುಂದ. ವಯಸ್ಸು ಐವತ್ತೆಂಟು. ಧಾರವಾಡದ ಹೊರಗೆ, ಕೆಲಗೇರಿ ಕೆರೆ ದಾಟಿದ ಮೇಲೆ ಸಿಗುವ ಶ್ರವಣ ಸಂಶೋಧನಾಲಯದಲ್ಲಿ ಸ್ಕ್ಯಾನರ್ ನಡೆಸುವವನು. ಕೆಲಸ ಸರಳ. ಜನರನ್ನು ಮಲಗಿಸುವುದು, ಕಿವಿಗೆ ಹೆಡ್‌ಫೋನ್ ಹಾಕುವುದು, ಯಂತ್ರದ ಸುರಂಗದೊಳಗೆ ತಳ್ಳುವುದು, ಗಾಜಿನ ಈಚೆ ಕೂತು ಮೈಕಿನಲ್ಲಿ "ಅಲ್ಲಾಡಬ್ಯಾಡ್ರಿ" ಎನ್ನುವುದು. ಹದಿನಾಲ್ಕು ವರ್ಷಗಳಲ್ಲಿ ಈ ಒಂದು ಮಾತನ್ನು ನಾನು ಆಡಿದಷ್ಟು ಬೇರೆ ಮಾತುಗಳನ್ನೆಲ್ಲ ಕೂಡಿಸಿದರೂ ಆಡಿರಲಿಕ್ಕಿಲ್ಲ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ ಎಂಬುದೂ ಅದಕ್ಕೆ ಒಂದು ಕಾರಣ.

ಹೆಂಡತಿ ಶಶಿಕಲಾ ಗದಗಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಹೊಲಿಗೆ ತರಗತಿ ನಡೆಸುತ್ತಾಳೆ. ಹೋಗಿ ಒಂಬತ್ತು ವರ್ಷವಾಯಿತು. ಜಗಳವಾಡಿ ಹೋದವಳಲ್ಲ. ಒಂದು ಬೆಳಿಗ್ಗೆ ಬ್ಯಾಗು ತುಂಬಿಕೊಂಡು ಹೊಸ್ತಿಲಲ್ಲಿ ನಿಂತು, "ಇಪ್ಪತ್ತೊಂದು ವರ್ಷದಾಗ ನೀವು ಒಂದಿನಾನೂ ಕೇಳಲಿಲ್ಲ" ಎಂದಳು. ನನಗೆ ಸಿಟ್ಟು ಬಂತು. ಅವಳು ಆಡಿದ ಯಾವ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ? ಹಿಂದಿನ ದಿನ ಅವಳು ಹೇಳಿದ್ದನ್ನೆಲ್ಲ ಗಿಳಿಪಾಠದ ಹಾಗೆ ಒಪ್ಪಿಸಿದೆ. ಬಲಮೊಣಕಾಲು ನೋವು, ಗಿರಣಿಯವನು ಹಿಟ್ಟು ದಪ್ಪ ಬೀಸಿದ್ದಾನೆ, ತಂಗಿಯ ಮಗಳನ್ನು ನೋಡಲು ಬಾಗಲಕೋಟೆಯಿಂದ ಬಂದಿದ್ದರು, ಹಿತ್ತಲ ನಳ ಸೋರುತ್ತಿದೆ. ಒಂದೂ ಬಿಡಲಿಲ್ಲ. ನಾನು ಒಪ್ಪಿಸಿ ಮುಗಿಸುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಬಸ್ಸಿಗೆ ಹೋದಳು. ಇಷ್ಟೆಲ್ಲ ನೆನಪಿಟ್ಟುಕೊಂಡ ಗಂಡನನ್ನು ಕೇಳಲಿಲ್ಲ ಎನ್ನುವವಳ ಬಗ್ಗೆ ನಾನು ಬಹಳ ದಿನ ನನ್ನಷ್ಟಕ್ಕೆ ಗೊಣಗಿಕೊಂಡಿದ್ದೇನೆ.

ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಸ್ಕ್ಯಾನರುಗಳು ಮೆದುಳಿನಲ್ಲಿ ರಕ್ತ ಎಲ್ಲಿ ಹೆಚ್ಚು ಹರಿಯಿತು ಎಂದು ನೋಡುತ್ತಿದ್ದವು. ರಕ್ತ ನಿಧಾನ, ಸದ್ದು ಬಂದು ಹೋಗಿ ನಾಲ್ಕೈದು ಸೆಕೆಂಡಾದ ಮೇಲೆ ಅದು ಹೊರಡುತ್ತದೆ. ನಮ್ಮದು ಹಾಗಲ್ಲ. ನರಕೋಶಗಳು ಕೆಲಸಕ್ಕೆ ನಿಂತಾಗ ಕೂದಲೆಳೆಗಿಂತ ಎಷ್ಟೋ ಕಡಿಮೆ ಉಬ್ಬುತ್ತವಂತೆ, ಆ ಉಬ್ಬನ್ನೇ ಇದು ಹಿಡಿಯುತ್ತದೆ. ಹಳೆಯ ಯಂತ್ರಗಳಂತೆ ಡಬಡಬ ಬಡಿಯುವುದೂ ಇಲ್ಲ. ಮೊದಮೊದಲು ಒಳಗೆ ಮಲಗಿದವರಿಗೆ ಪೀ ಪೀ ಎಂಬ ಒಂಟಿ ಸ್ವರಗಳನ್ನು ಕೇಳಿಸುತ್ತಿದ್ದೆವು. ಮುಖ್ಯಸ್ಥರಾಗಿ ಬಂದ ಡಾ. ಶ್ರೀಲತಾ ಮರಕಾಲ ಅದನ್ನು ನಿಲ್ಲಿಸಿದರು. ಯಾವ ಮನುಷ್ಯನೂ ಪೀ ಪೀ ಎನ್ನುವ ಲೋಕದಲ್ಲಿ ಬದುಕುವುದಿಲ್ಲ ಎಂಬುದು ಅವರ ವಾದ. ಕೆರೆ ದಂಡೆಯ ಬೆಳಗು, ಸಂತೆಯ ಗಲಾಟೆ, ಹಂಚಿನ ಮೇಲೆ ಬೀಳುವ ಮಳೆ, ಹೀಗೆ ಹತ್ತಾರು ಸದ್ದು ಒಂದರೊಳಗೊಂದು ಹೊಕ್ಕು ಕೂತ ಹನ್ನೆರಡು ನಿಮಿಷದ ಧ್ವನಿಮುದ್ರಣಗಳನ್ನು ಮಾಡಿಸಿದರು. ಬದುಕಿನ ಸದ್ದು ಕಿವಿಗೆ ಬಿದ್ದಾಗ ಮೆದುಳು ಏನು ಮಾಡುತ್ತದೆ ಎಂದು ನೋಡುವುದು ಉದ್ದೇಶ. ಅದರಿಂದ ಕಿವಿಮೊರೆತಕ್ಕೆ, ಅಂದರೆ ಹಗಲೂ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವ ಕಾಯಿಲೆಗೆ, ಏನಾದರೂ ದಾರಿ ಸಿಕ್ಕೀತು ಎಂಬ ಆಸೆ.

ಮನೋರಮಾಬಾಯಿ ಹಂಚಿನಮನಿ ಬಂದದ್ದು ಆ ಕಾಯಿಲೆ ಹೊತ್ತುಕೊಂಡು. ಎಪ್ಪತ್ತೈದು ವಯಸ್ಸು, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಹಳೆಯ ಮಿಷನ್ ಕಂಪೌಂಡಿನ ಸಾಲುಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾದವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದವರು. ಒಂದೂರಿಂದ ಇನ್ನೊಂದೂರಿಗೆ ಫೋನು ಮಾಡಬೇಕೆಂದರೆ ಮೊದಲು ಆಪರೇಟರನ್ನು ಕೇಳಿ, ಗಂಟೆಗಟ್ಟಲೆ ಕಾದು, ಅವರು ಕೈಯಾರೆ ತಂತಿ ಚುಚ್ಚಿ ಜೋಡಿಸಿದ ಮೇಲೆ ಮಾತಾಡುತ್ತಿದ್ದ ಕಾಲದವರು. ನಾನು ಹೆಡ್‌ಫೋನ್ ಹಾಕಲು ಹೋದರೆ ನನ್ನ ಕೈಯಿಂದ ಇಸಿದುಕೊಂಡು ತಾವೇ ಎಡಗಿವಿಗೆ ಸರಿಯಾಗಿ ಕೂರಿಸಿಕೊಂಡರು. ಗುಂಯ್ ಎನ್ನುತ್ತಿದ್ದದ್ದೂ ಅದೇ ಕಿವಿ.

ಸುರಂಗದೊಳಗೆ ಹೋದ ಮೇಲೆ ಸಾಮಾನ್ಯವಾಗಿ ಜನ ದೇವರ ಹೆಸರು ಹೇಳುತ್ತಾರೆ, ಇಲ್ಲವೆ ಎಷ್ಟು ಹೊತ್ತು ಎಂದು ರಗಳೆ ತೆಗೆಯುತ್ತಾರೆ. ಈ ಬಾಯಿಯವರು ಗಂಟಲು ಸರಿಮಾಡಿಕೊಂಡು, "ಗುರುಸಿದ್ದಪ್ಪ, ಲೈನಿನ ಮ್ಯಾಲ ಇದ್ದೀರೇನು?" ಎಂದರು.

"ಇದ್ದೇನ್ರಿ ಬಾಯಾರ" ಎಂದೆ.

"ಹಂಗಾರ ಸುರು ಮಾಡ್ರಿ."

ಸ್ಕ್ಯಾನ್ ಮುಗಿದ ಮೇಲೆ ಎಲ್ಲರೂ ಒಂದು ಫಾರ್ಮ್ ತುಂಬಬೇಕು. ಪುಣೆಯ ಯಾವುದೋ ಏಜೆನ್ಸಿಯವರು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿ ಕಳಿಸಿದ ಫಾರ್ಮ್ ಅದು. ನಾಲ್ಕನೆಯ ಪ್ರಶ್ನೆ, 'ಒಳಗಿದ್ದಾಗ ನೀವು ಏನೇನು ಕೇಳಿದಿರಿ?' ಎಲ್ಲರೂ ಮಳೆ, ಕಪ್ಪೆ, ಬಸ್ಸು ಎಂದು ಬರೆಯುತ್ತಿದ್ದರು. ಮನೋರಮಾಬಾಯಿ ದುಂಡಗಿನ ಅಕ್ಷರದಲ್ಲಿ, 'ಒಂದೇ ಕೇಳಿದೆ. ಲೈನಿನ ಮೇಲೆ ಇದ್ದೀರಾ ಎಂದು. ಉತ್ತರ ಬರಲಿಲ್ಲ' ಎಂದು ಬರೆದಿದ್ದರು. ನಾನು ಇದ್ದೇನೆ ಎಂದದ್ದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಡಾ. ಮರಕಾಲ ಕುಂದಾಪುರದ ಕಡೆಯವರು, ಆದರೆ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಅವರಿಗೆ ಇದು ತಲೆಬುಡ ತಿಳಿಯಲಿಲ್ಲ. ಪ್ರಶ್ನೆಯೇ ಅರ್ಥವಾಗದ ಮುದುಕಿ, ಈ ಸ್ಕ್ಯಾನ್ ಬಿಟ್ಟುಬಿಡಿ ಎಂದರು. ಅವರ ತಪ್ಪೇನಲ್ಲ. ಕಿವಿಯಿಂದ ಕೇಳುವುದಕ್ಕೂ ಬಾಯಿಂದ ಕೇಳುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಏಜೆನ್ಸಿಯವರು ಒಂದನ್ನು ಕೇಳಿದ್ದರು, ಬಾಯಿಯವರು ಇನ್ನೊಂದಕ್ಕೆ ಉತ್ತರ ಕೊಟ್ಟಿದ್ದರು. ನಾನು ಇದನ್ನು ಹೇಳಿ, ಇವರು ಸುಮ್ಮನೆ ಬರೆದವರಲ್ಲ, ಅರ್ಧ ಜೀವಮಾನ ಇದನ್ನೇ ಕೇಳಿದವರು ಎಂದೆ. ಒಂದು ಸಲ ನಕ್ಷೆಯನ್ನಾದರೂ ನೋಡೋಣ ಎಂದು ಇಬ್ಬರೂ ಪರದೆಯ ಮುಂದೆ ಕೂತೆವು.

ಕಿವಿಯಿಂದ ಮೆದುಳಿಗೆ ಸುದ್ದಿ ಒಯ್ಯುವ ನರಗಳಿವೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಮೆದುಳಿನಿಂದ ಕಿವಿಯ ಕಡೆಗೆ ಇಳಿದು ಬರುವ ನರಗಳೂ ಇವೆ. ಆ ಇಳಿದಾರಿಯಲ್ಲಿ, ಮನೋರಮಾಬಾಯಿಯವರ ನಕ್ಷೆಯಲ್ಲಿ, ನಲವತ್ತು ಸೆಕೆಂಡಿಗೊಮ್ಮೆ ಒಂದು ಚುಕ್ಕೆ ಬೆಳಗುತ್ತಿತ್ತು. ಅರ್ಧ ಸೆಕೆಂಡು ಬೆಳಗಿ, ಏನನ್ನೋ ಕಾದು, ಆರುತ್ತಿತ್ತು. ಸಂತೆಯ ಸದ್ದಿಗೂ ಕೆರೆಯ ಸದ್ದಿಗೂ ಅದು ಸಂಬಂಧವಿಲ್ಲದೆ ಬರುತ್ತಿತ್ತು. ಮಳೆಯ ಧ್ವನಿಮುದ್ರಣ ಬಂದಾಗ ಮಾತ್ರ ಹತ್ತು ಸೆಕೆಂಡಿಗೊಮ್ಮೆ ಬೆಳಗಿತು.

ಮೇಡಂ ಚುಕ್ಕೆಯ ಸಮಯವನ್ನು ಧ್ವನಿಮುದ್ರಣದ ಸಮಯದ ಪಕ್ಕ ಇಟ್ಟು ನೋಡಿದರು. ಆಮೇಲೆ, "ಇದು ಸದ್ದಿಗೆ ಮೆದುಳು ಕೊಟ್ಟ ಉತ್ತರ ಅಲ್ಲ. ಸದ್ದು ಬರುವ ಮೊದಲೇ ಹೊರಟಿದೆ" ಎಂದರು.

"ಬಾಯಾರು ಬರದದ್ದು ಖರೇನ ಇರಬೇಕ್ರಿ" ಎಂದೆ. "ಅವರು ಕೇಳ್ಯಾರ."

ಹೀಗೆ ಒಂದು ತಪ್ಪು ತರ್ಜುಮೆಯಿಂದ ನಮ್ಮ ಸಂಸ್ಥೆಗೆ ಹೆಸರು ಬಂತು. ಹಳೆಯ ಸ್ಕ್ಯಾನುಗಳನ್ನೆಲ್ಲ ತೆಗೆದು ಇಳಿದಾರಿಯನ್ನು ನೋಡಿದರೆ, ಕಿವಿಮೊರೆತದ ಪ್ರತಿಯೊಬ್ಬರಲ್ಲೂ ಅಂಥ ಚುಕ್ಕೆಯಿತ್ತು. ಮೇಡಂ ಅದನ್ನು ನನಗೆ ತಿಳಿಯುವಂತೆ ಹೇಳಿದರು. ಮೆದುಳು ಸುಮ್ಮನೆ ಸದ್ದು ಬರಲಿ ಎಂದು ಕೂತಿರುವುದಿಲ್ಲ. ಇಂಥ ಸದ್ದು ಇದೆಯೇ ಎಂದು ಕಿವಿಯನ್ನು ಕೇಳುತ್ತಲೇ ಇರುತ್ತದೆ. ಬಹಳ ಬೇಕಾದ ಒಂದು ಸದ್ದು ವರ್ಷಗಟ್ಟಲೆ ಬಾರದೇ ಹೋದರೆ, ಕಿವಿಗೆ ಸರಿಯಾಗಿ ಕೇಳಿಸುತ್ತಿಲ್ಲವೇನೋ ಎಂದು ಅದು ವಾಲ್ಯೂಮ್ ಏರಿಸುತ್ತಾ ಹೋಗುತ್ತದೆ. ಖಾಲಿ ರೇಡಿಯೊವನ್ನು ಜೋರು ಮಾಡಿದರೆ ಬರುವ ಸದ್ದಿದೆಯಲ್ಲ, ಅದೇ ಗುಂಯ್.

ಎರಡು ವರ್ಷದಲ್ಲಿ ಚಿಕಿತ್ಸೆ ಸಿದ್ಧವಾಯಿತು. ಮೆದುಳು ಕೇಳುತ್ತಿರುವ ಸದ್ದು ಎಷ್ಟು ಉದ್ದ, ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬ ಆಕಾರ ಆ ಚುಕ್ಕೆಯಲ್ಲೇ ಇರುತ್ತದೆ. ಕಂಪ್ಯೂಟರ್ ಅದನ್ನು ಓದಿ ಅಂಥದೇ ಸದ್ದು ತಯಾರಿಸುತ್ತದೆ. ಚುಕ್ಕೆ ಬೆಳಗಿದ ಅರ್ಧ ಸೆಕೆಂಡಿನೊಳಗೆ ಅದನ್ನು ಕಿವಿಗೆ ಬಿಟ್ಟರೆ ಮೆದುಳಿಗೆ ಉತ್ತರ ಸಿಕ್ಕಿತು. ಹತ್ತು ಹನ್ನೆರಡು ಸಲ ಹಾಗಾದರೆ ಅದು ಕೇಳುವುದನ್ನು ಬಿಡುತ್ತದೆ, ಗುಂಯ್ ನಿಲ್ಲುತ್ತದೆ. ಇದಕ್ಕೆ ಮರುದನಿ ಎಂದು ಹೆಸರಿಟ್ಟರು.

ಜನ ಬಂದರು, ಗುಣವಾಗಿ ಹೋದರು. ಸಪ್ತಾಪುರದಲ್ಲಿ ಮೆಸ್ ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳ ಮೆದುಳು ಕೇಳುತ್ತಿದ್ದದ್ದು ತೀರಿಕೊಂಡ ಅವ್ವನ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಸದ್ದನ್ನು. ಮರುದನಿ ಕೊಟ್ಟೆವು, ಗುಂಯ್ ಹೋಯಿತು. ವಾರದ ಮೇಲೆ ಬಂದು, ಒಗ್ಗರಣೆಗೆ ಇಟ್ಟ ಎಣ್ಣೆ ಎರಡು ಸಲ ಹೊತ್ತಿಕೊಂಡಿತು, ಸಾಸಿವೆ ಸಿಡಿದದ್ದು ಕೇಳಿಸುತ್ತದೆ ಆದರೆ ಕೈ ಏಳುವುದಿಲ್ಲ ಎಂದಳು. ನಾವು ನಕ್ಕೆವು. ಆಮೇಲೆ ಬಂದವರು ಹಡಪದ ಮಾಸ್ತರರು. ಅವರ ಮೆದುಳಿಗೆ ಬೇಕಾಗಿದ್ದದ್ದು ಒಬ್ಬ ಹುಡುಗಿಯ 'ಹಾಜರ್ ಸರ್'. ಹದಿನೇಳನೆಯ ನಂಬರಿನ ಹುಡುಗಿ, ಐದನೆಯ ತರಗತಿಯಲ್ಲಿದ್ದಾಗ ಕಾಮಾಲೆಯಾಗಿ ತೀರಿಕೊಂಡಿದ್ದಳು. ಚಿಕಿತ್ಸೆಯಾದ ತಿಂಗಳಿಗೆ ಮಾಸ್ತರರು ಬಂದು ನನ್ನ ಎದುರಿಗೆ ಕೂತರು. "ಮೊದಲ ಮನಸಿನ್ಯಾಗ ಹಾಜರಿ ತಗೊಂಡ್ರ ಹದಿನೇಳಕ್ಕ ಕಿವಿ ತಡದು ನಿಲ್ಲತಿತ್ತು. ಈಗ ಹದಿನೆಂಟಕ್ಕ ಹೋಗಿಬಿಡ್ತದ" ಎಂದರು. ಆ ಸಲ ಯಾರೂ ನಗಲಿಲ್ಲ.

ಮೇಡಂ ಅಂದೇ ಒಪ್ಪಿಗೆ ಪತ್ರಕ್ಕೆ ಒಂದು ಸಾಲು ಸೇರಿಸಿದರು. 'ಈ ಚಿಕಿತ್ಸೆಯ ನಂತರ ನೀವು ಯಾವುದಕ್ಕಾಗಿ ಕಾಯುತ್ತಿದ್ದಿರೋ ಅದಕ್ಕಾಗಿ ಕಾಯದೇ ಇರಬಹುದು. ಆ ಕಾಯುವಿಕೆ ಮರಳಿ ಬರುವುದಿಲ್ಲ.'

ನನಗೆ ಸೊನ್ನೆಯ ಪದವಿ ಸಿಕ್ಕಿದ್ದೂ ಆಗಲೇ. ಚುಕ್ಕೆ ಅಳೆಯಲು ಚುಕ್ಕೆಯೇ ಇಲ್ಲದ ಒಂದು ಮೆದುಳು ಬೇಕಿತ್ತು. ಸಂಸ್ಥೆಯವರೆಲ್ಲ ಒಬ್ಬೊಬ್ಬರಾಗಿ ಸುರಂಗದೊಳಗೆ ಹೋಗಿ ಬಂದೆವು. ಎಲ್ಲರಲ್ಲೂ ಸಣ್ಣದೋ ದೊಡ್ಡದೋ ಏನೋ ಒಂದು ಇತ್ತು, ಗೇಟಿನ ಕಾವಲುಗಾರನಲ್ಲಿ ಸಹ. ನನ್ನ ಇಳಿದಾರಿ ಮಾತ್ರ ಗುಡಿಸಿ ಸಾರಿಸಿದ ಅಂಗಳದ ಹಾಗೆ ಸ್ವಚ್ಛವಾಗಿತ್ತು. "ನಿಮಗೆ ಎಲ್ಲವೂ ಕೇಳಿಸುತ್ತದೆ ಗುರುಸಿದ್ದಪ್ಪ. ಆದರೆ ನೀವು ಏನನ್ನೂ ಕೇಳುವುದಿಲ್ಲ" ಎಂದು ಮೇಡಂ ಆಶ್ಚರ್ಯಪಟ್ಟರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ಚಹಾದಂಗಡಿಯವನಿಗೂ ಹೇಳಿಕೊಂಡೆ.

ಶಶಿಕಲಾಗೆ ಹೇಳಬೇಕೆನಿಸಿತ್ತು. ಎರಡು ತಿಂಗಳಿಗೊಮ್ಮೆ ಅವಳಿಗೆ ಫೋನು ಮಾಡುತ್ತೇನೆ. ರೇಷನ್ ಕಾರ್ಡಿನ ಸುದ್ದಿ, ಗ್ಯಾಸಿನ ಸುದ್ದಿ ಹೇಳುತ್ತೇನೆ. ಅವಳು ಹೂಂ ಎನ್ನುತ್ತಾಳೆ. ಹಿಂದೆ ಅವಳ ಹೊಲಿಗೆ ಯಂತ್ರ ಟರಟರ ಎನ್ನುತ್ತಲೇ ಇರುತ್ತದೆ. ಹೇಳುವುದು ಮುಗಿದ ಮೇಲೆ ಇಬ್ಬರೂ ಇಡುತ್ತೇವೆ. ಸೊನ್ನೆಯ ವಿಷಯ ಹೇಳಲಿಲ್ಲ. ಮನೆಗೆ ಬಂದು ಒಂದು ಮುಷ್ಟಿ ಅಕ್ಕಿ ಕುಕ್ಕರಿಗೆ ಹಾಕಿ, ಎದುರು ಮನೆಯವರು ಟಿ.ವಿ. ನೋಡುತ್ತಾ ನಗುವುದನ್ನು ಕೇಳಿಸಿಕೊಳ್ಳುತ್ತಾ ಉಂಡೆ. ಅವರು ಯಾಕೆ ನಕ್ಕರು ಎಂದು ಒಂದು ದಿನವೂ ಅನಿಸಿದ್ದಿಲ್ಲ.

ಈ ಎರಡು ವರ್ಷದಲ್ಲಿ ಮನೋರಮಾಬಾಯಿ ಆರು ಸಲ ಬಂದುಹೋದರು. ಆರು ಸಲವೂ ಸುರಂಗದೊಳಗಿಂದ, ಗುರುಸಿದ್ದಪ್ಪ, ಲೈನಿನ ಮ್ಯಾಲ ಇದ್ದೀರೇನು ಎಂದರು. ಆರು ಸಲವೂ ನಾನು ಇದ್ದೇನೆ ಎಂದೆ. ಅವರ ಚುಕ್ಕೆ ಎಲ್ಲರಿಗಿಂತ ದೊಡ್ಡದು, ಗುಂಯ್ ಕೂಡ ಎಲ್ಲರಿಗಿಂತ ಜೋರು. ಆದರೂ ಚಿಕಿತ್ಸೆಗೆ ಒಪ್ಪಿರಲಿಲ್ಲ. ಕಡೆಗೆ ಒಂದು ದಿನ ಒಪ್ಪಿಗೆ ಪತ್ರ ಮನೆಗೇ ಕಳಿಸಿ ಎಂದು ಹೇಳಿಕಳಿಸಿದರು. ನಾನೇ ಒಯ್ದೆ.

ಮಧ್ಯಾಹ್ನ ಮೂರರ ಹೊತ್ತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಸ್ಟೋವಿನ ಮೇಲೆಲ್ಲ ಹರಿದಿತ್ತು, ಅವರಿಗೆ ಗೊತ್ತಾಗಿರಲಿಲ್ಲ. ನಳ ಬಿಟ್ಟರೆ ಕೇಳಿಸುವುದಿಲ್ಲ, ಚರ್ಚಿನಲ್ಲಿ ಕೂತರೆ ಆರ್ಗನ್ ಕೇಳಿಸುವುದಿಲ್ಲ, ತಲೆಯೊಳಗೆ ಗಿರಣಿ ಇಟ್ಟಂತಾಗಿದೆ ಎಂದರು. ಒಪ್ಪಿಗೆ ಪತ್ರದ ಕೊನೆಯ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಆಮೇಲೆ ತಾವಾಗಿಯೇ ಕುಮಟೆಯ ವಿಷಯ ಹೇಳಿದರು.

ಆಗ ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ, ಊರಿನ ಹೆಸರು ಹಿಡಿದು ಕರೆಯುತ್ತಿದ್ದರು. ಗದಗ, ಲೈನ್ ಕೊಡ್ರಿ. ಬೆಳಗಾವಿ, ತಗೋರಿ. ಕುಮಟೆಯ ಎಕ್ಸ್‌ಚೇಂಜಿನಲ್ಲಿ ಒಬ್ಬ ಹೆಂಗಸಿದ್ದಳು. ಹದಿಮೂರು ವರ್ಷ ದಿನಾಲೂ ಮಾತು. ಜನರ ಕರೆಗಳನ್ನು ಜೋಡಿಸಿದ ಮೇಲೆ, ತಂತಿ ಖಾಲಿ ಇದ್ದಾಗ, ಇವರು "ಕುಮಟಾ, ಲೈನಿನ ಮ್ಯಾಲ ಇದ್ದೀರೇನು?" ಎನ್ನುವುದು, ಆಕೆ ಇದ್ದೇನೆ ಎನ್ನುವುದಕ್ಕೆ ಕರಾವಳಿಯ ರೂಢಿಯಂತೆ "ಇದ್ದೆ, ಧಾರವಾಡ. ಹೇಳಿ" ಎನ್ನುವುದು. ಜೂನ್ ಬಂದರೆ ಆಕೆ ರಿಸೀವರನ್ನು ಕಿಟಕಿಗೆ ಹಿಡಿದು ಅಲ್ಲಿಯ ಮೊದಲ ಮಳೆಯನ್ನು ಕೇಳಿಸುತ್ತಿದ್ದಳು. ಕುಮಟೆಯಲ್ಲಿ ಮಳೆ ಬಿತ್ತೆಂದರೆ ಎರಡು ಮೂರು ದಿನಕ್ಕೆ ಧಾರವಾಡಕ್ಕೆ ಬಂತು ಎಂದು ಲೆಕ್ಕ, ಇವರು ಕೊಡೆ ತೆಗೆದಿಡುತ್ತಿದ್ದರು. ಜನರ ಮಾತು ಕೇಳಿಸಬೇಕು, ಕೇಳಬಾರದು ಎಂಬುದು ಆಪರೇಟರುಗಳಿಗೆ ಹೇಳಿಕೊಟ್ಟ ಮೊದಲ ಪಾಠ. ಹಾಗಾಗಿ ದಿನವಿಡೀ ಕಿವಿ ಮುಚ್ಚಿಕೊಂಡಿದ್ದವರಿಗೆ ಕೇಳಲೆಂದು ಇದ್ದ ಮಾತು ಅದೊಂದೇ. ಒಂದು ಸೋಮವಾರ ಕೆಲಸಕ್ಕೆ ಹೋದರೆ ಎಲ್ಲ ಆಟೋಮ್ಯಾಟಿಕ್ ಆಗಿತ್ತು. ಬೋರ್ಡಿನ ಮುಂದೆ ಕೂತು ಕುಮಟೆಯನ್ನು ಕರೆದರು. ತಂತಿಯಲ್ಲಿ ಏನೂ ಇರಲಿಲ್ಲ.

"ಆಕಿ ಹೆಸರು ಕೇಳಿರಲಿಲ್ರಿ ನಾ. ನಾಳೆ ಕೇಳಿದ್ರಾತು, ನಾಳೆ ಕೇಳಿದ್ರಾತು ಅಂತ ಹದಿಮೂರು ವರ್ಷ ಕಳದೆ" ಎಂದರು. ಕಾಗದದ ಮೇಲೆ ಪೆನ್ನು ಹಿಡಿದುಕೊಂಡೇ ನನ್ನ ಕಡೆ ನೋಡಿದರು. "ಇದ್ದಾಳೋ ಇಲ್ಲೋ. ಈಗ ಯಾರನ್ನಂತ ಕೇಳೂದು?"

ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಇವತ್ತಿಗೂ ಅವರ ದನಿಯಲ್ಲೇ ಒಪ್ಪಿಸಬಲ್ಲೆ. ನಾನು ಬೆರಳಿಟ್ಟು ತೋರಿಸಿ, "ಸಹಿ ಇಲ್ಲಿ ಮಾಡ್ರಿ ಬಾಯಾರ" ಎಂದೆ.

ಅವರು ಮಾಡಿದರು.

ಚಿಕಿತ್ಸೆಯ ದಿನ ಹೆಡ್‌ಫೋನ್ ಕೂರಿಸಿಕೊಂಡು, ಒಳಗೆ ಹೋಗಿ, ಎಂದಿನಂತೆ ನನ್ನನ್ನು ಕೇಳಿದರು. ಎಂದಿನಂತೆ ನಾನು ಇದ್ದೇನೆ ಎಂದೆ. ಮಳೆಯ ಧ್ವನಿಮುದ್ರಣ ಹಚ್ಚಿದೆ. ಚುಕ್ಕೆ ಬೆಳಗಿತು. ಅರ್ಧ ಸೆಕೆಂಡಿನೊಳಗೆ, ಕಂಪ್ಯೂಟರ್ ಅವರ ಮೆದುಳಿನಿಂದಲೇ ಓದಿ ಮಾಡಿದ ಹೆಣ್ಣುದನಿ ಕರಾವಳಿಯ ಎಳೆತದಲ್ಲಿ ಎಂದಿತು, "ಇದ್ದೆ, ಧಾರವಾಡ. ಹೇಳಿ." ಗಾಜಿನ ಈಚೆ ನನಗೂ ಕೇಳಿಸಿತು. ಬಾಯಿಯವರ ಕಾಲ್ಬೆರಳುಗಳು ಮಾತ್ರ ಕಾಣುತ್ತಿದ್ದವು, ಅವು ಬಿಗಿದುಕೊಂಡವು. ಅಲ್ಲಾಡಬ್ಯಾಡ್ರಿ ಎನ್ನಬೇಕಿತ್ತು, ಬಾಯಿ ಬರಲಿಲ್ಲ. ಹನ್ನೊಂದು ಸಲ ಚುಕ್ಕೆ ಕೇಳಿತು, ಹನ್ನೊಂದು ಸಲ ದನಿ ಉತ್ತರ ಕೊಟ್ಟಿತು. ಹನ್ನೆರಡನೆಯ ಸಲ ಚುಕ್ಕೆ ಬೆಳಗಲಿಲ್ಲ. ಮಳೆ ತನ್ನಷ್ಟಕ್ಕೆ ಬೀಳುತ್ತಿತ್ತು.

ಹೊರಗೆ ಬಂದು ಎಡಗಿವಿ ಮುಟ್ಟಿಕೊಂಡು, "ನಿಂತದ" ಎಂದರು. ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿದೆ ಎಂದು ಮಗುವಿನಂತೆ ಅದರ ಹತ್ತಿರ ಹೋಗಿ ನಿಂತರು. ಮೇಡಂ ಅವರ ಕೈ ಹಿಡಿದುಕೊಂಡರು. ನನಗೂ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನಕ್ಕೆ ತಪಾಸಣೆಗೆ ಬಂದರು. ರಾತ್ರಿ ಚೆನ್ನಾಗಿ ನಿದ್ದೆ, ಚರ್ಚಿನ ಹಾಡು ಪೂರ್ತಿ ಕೇಳಿಸಿತು ಎಂದರು. ಹೆಡ್‌ಫೋನನ್ನು ನಾನು ಹಾಕುವಾಗ ಸುಮ್ಮನೆ ಹಾಕಿಸಿಕೊಂಡರು. ಒಳಗೆ ಹೋದರು. ನಾನು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೆ. ಒಳಗಿನಿಂದ ಉಸಿರಾಟ ಮಾತ್ರ ಬರುತ್ತಿತ್ತು. ನಿದ್ದೆ ಬಂತೋ ಏನೋ ಎಂದುಕೊಂಡೆ. ಇಲ್ಲ, ಎಚ್ಚರವಿದ್ದರು, ಕಾಲ್ಬೆರಳು ಅಲ್ಲಾಡುತ್ತಿದ್ದವು. ಕಡೆಗೆ ಯಂತ್ರ ಸುರು ಮಾಡಿದೆ. ಅವರನ್ನು ಕಳಿಸಿದ ಮೇಲೆ ಮೇಡಂ ದಾಖಲೆ ನೋಡಿ, ಎಂದೂ ಇಲ್ಲದ್ದು ಇವತ್ತು ಐವತ್ತು ಸೆಕೆಂಡು ತಡವಾಗಿ ಶುರು ಮಾಡಿದ್ದೀರಲ್ಲ, ಆರೋಗ್ಯ ಸರಿ ಇದೆಯೇ ಎಂದರು.

ಜೂನ್ ಮೊದಲ ವಾರ ಯಂತ್ರಕ್ಕೆ ವರ್ಷದ ಹೊಂದಾಣಿಕೆ. ಸೊನ್ನೆಯಾದ ನಾನು ಒಳಗೆ ಹೋಗಿ ಮಲಗಬೇಕು. ಮಲಗಿದೆ. ಹತ್ತೇ ನಿಮಿಷಕ್ಕೆ ಮೇಡಂ ನನ್ನನ್ನು ಹೊರಗೆ ಕರೆಸಿ ಪರದೆ ತೋರಿಸಿದರು. ಧ್ವನಿಮುದ್ರಣ ಹಚ್ಚುವ ಮೊದಲು, ಹೆಡ್‌ಫೋನಿನಲ್ಲಿ ಏನೂ ಇಲ್ಲದ ಹೊತ್ತಿನಲ್ಲಿ, ನನ್ನ ಸಾರಿಸಿದ ಅಂಗಳದಲ್ಲಿ ಒಂದು ಚುಕ್ಕೆ ಬೆಳಗಿತ್ತು.

"ನೀವು ಏನನ್ನೋ ಕೇಳುತ್ತಿದ್ದೀರಿ ಗುರುಸಿದ್ದಪ್ಪ" ಎಂದರು ಮೇಡಂ, ಮೆಲ್ಲಗೆ. "ನಾವು ಬೇರೆ ಸೊನ್ನೆ ಹುಡುಕಬೇಕು."

ಅದರ ಆಕಾರ ಓದಿಸಲೇ ಎಂದರು. ಬೇಡ ಎಂದೆ. ಅದು ಏನೆಂದು ನನಗೆ ಗೊತ್ತಿತ್ತು. ದಿನಕ್ಕೆ ಹತ್ತು ಜನ ಆ ಸುರಂಗದೊಳಗೆ ಹೋಗಿಬರುತ್ತಾರೆ. ಗಾಜಿನ ಈಚೆ ಒಬ್ಬ ಮನುಷ್ಯ ಇದ್ದಾನೆಯೇ ಎಂದು ಕೇಳಿದವರು ಮನೋರಮಾಬಾಯಿ ಒಬ್ಬರೇ.

ಅಂದು ಮಧ್ಯಾಹ್ನ ಊಟಕ್ಕೆ ಹೋಗದೆ ಫೋನು ಹಿಡಿದು ಕೂತೆ. ಕಾರವಾರದ ಟೆಲಿಫೋನ್ ಪಿಂಚಣಿದಾರರ ಸಂಘದವರನ್ನು, ಕುಮಟೆಯ ಆ ಆಪರೇಟರ್ ಯಾರೆಂದು ಕೇಳಿದೆ. ಅವರು ಕುಮಟೆಯ ಒಬ್ಬ ನಿವೃತ್ತ ಲೈನ್‌ಮನ್ ಹೆಸರು ಕೊಟ್ಟರು. ಅವರನ್ನು ಕೇಳಿದೆ. ಒಟ್ಟು ನಾಲ್ಕು ಕರೆ, ಅರ್ಧ ಗಂಟೆ. ನಲವತ್ತು ವರ್ಷ ಒಬ್ಬರ ಕಿವಿ ಕೊರೆದ ಪ್ರಶ್ನೆಗೆ ಬೇಕಾಗಿದ್ದದ್ದು ಇಷ್ಟೇ. ಆಕೆಯ ಹೆಸರು ಮಂದಾಕಿನಿ ನಾಯಕ. ಬದುಕಿದ್ದರು. ನಂಬರೂ ಸಿಕ್ಕಿತು.

ಹಚ್ಚಿದೆ. ಆ ಕಡೆ ಫೋನೆತ್ತಿದರು, ಹಿಂದೆ ಧೋ ಎಂದು ಮಳೆ. "ಹಲೋ, ನಾ ಧಾರವಾಡದಿಂದ ಮಾತಾಡ್ತೇನ್ರಿ" ಎಂದೆ.

"ಇದ್ದೆ, ಧಾರವಾಡ" ಎಂದಿತು ಒಂದು ಹಣ್ಣುಹಣ್ಣಾದ ದನಿ. "ಹೇಳಿ."

ಕಂಪ್ಯೂಟರ್ ಏರಿಳಿತವನ್ನೆಲ್ಲ ಸರಿಯಾಗಿ ಹಿಡಿದಿತ್ತು. 'ಇದ್ದೆ' ಎನ್ನುವಲ್ಲಿ ಒಂಚೂರು ನಗು ಇರುತ್ತದೆ ಎಂಬುದು ಅದಕ್ಕೆ ಸಿಕ್ಕಿರಲಿಲ್ಲ. ನಾನು ಯಾರು, ಯಾರ ಪರವಾಗಿ ಫೋನು ಮಾಡಿದ್ದೇನೆ ಎಂದು ತಿಳಿಸಿದೆ. ಅವರು ಮೊದಲು ಕೇಳಿದ್ದು ಧಾರವಾಡದಾಕೆಯ ಹೆಸರನ್ನು. ಹೇಳಿದೆ. "ಮನೋರಮಾ" ಎಂದು ಎರಡು ಸಲ ಅಂದುಕೊಂಡರು. ಅವರ ಫೋನು ಬರುತ್ತದೆಯೇ, ಯಾವಾಗ ಬರುತ್ತದೆ, ತಾನು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ ಎಂದರು.

ಆಟೋ ಹಿಡಿದು ಮಿಷನ್ ಕಂಪೌಂಡಿಗೆ ಓಡಿದೆ. ಮನೋರಮಾಬಾಯಿ ಗೋರಿಕಾಯಿ ಮುರಿಯುತ್ತಾ ಕೂತಿದ್ದರು. ಬಾಗಿಲ ಸದ್ದು ಒಂದೇ ಸಲಕ್ಕೆ ಕೇಳಿಸಿತು ಅವರಿಗೆ. ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. ಹೆಸರು, ನಂಬರು, ಹಿಂದೆ ಬೀಳುತ್ತಿದ್ದ ಮಳೆ.

"ಹೌದೇನು? ಛಲೋ ಆತು" ಎಂದರು. ಇನ್ನೊಂದು ಗೋರಿಕಾಯಿ ತೆಗೆದುಕೊಂಡು ಎರಡೂ ತುದಿ ಚಿವುಟಿದರು. ನಾನು ನಂಬರು ಬರೆದ ಚೀಟಿ ಮುಂದೆ ಹಿಡಿದೆ. ಅದನ್ನು ಮಡಚಿ ಉಪ್ಪಿನ ಡಬ್ಬಿಯ ಕೆಳಗಿಟ್ಟರು.

ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. "ಬ್ಯಾಸರ ಮಾಡ್ಕೋಬ್ಯಾಡ್ರಿ ಗುರುಸಿದ್ದಪ್ಪ. ನಾ ಸಂತೋಷ ಪಡಬೇಕಂತ ನನಗ ಗೊತ್ತದ. ಮನಸಿನ್ಯಾಗ ಆಕಿ ಹೆಸರು ಅಂದು ನೋಡಿದೆ ಈಗ. ಏನೂ ಬರವಲ್ದು" ಎಂದರು. ಅವರ ದನಿಯಲ್ಲಿ ದುಃಖವೂ ಇರಲಿಲ್ಲ. ಅದೇ ನನ್ನನ್ನು ಕೊಂದಿತು.

ಹೊರಗೆ ಬಂದು ಕಂಪೌಂಡಿನ ಗೋಡೆಗೆ ಒರಗಿ ನಿಂತೆ. ಕುಮಟೆಯಲ್ಲಿ ಒಬ್ಬ ಮುದುಕಿ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿರುತ್ತಾಳೆ. ಆ ಮಧ್ಯಾಹ್ನ, ಈಗ ಯಾರನ್ನಂತ ಕೇಳೂದು ಎಂದು ಬಾಯಿಯವರು ನನ್ನ ಮುಖ ನೋಡಿದಾಗ, ನಾನು ಕೇಳುತ್ತೇನೆ ಬಿಡಿ ಎಂದಿದ್ದರೆ ಸಾಕಿತ್ತು. ಯಂತ್ರದ ತಪ್ಪಲ್ಲ, ಮೇಡಂ ತಪ್ಪಲ್ಲ. ನನಗೆ ಕೇಳಿಸಿತ್ತು. ಕೇಳಿಸಿತ್ತು, ಅಷ್ಟೇ.

ಹಾಗೆ ನಿಂತಿದ್ದಾಗ, ಹೊಸ್ತಿಲ ಮೇಲೆ ಬ್ಯಾಗು ಹಿಡಿದು ನಿಂತ ಶಶಿಕಲಾ ನೆನಪಾದಳು. 'ನೀವು ಒಂದಿನಾನೂ ಕೇಳಲಿಲ್ಲ.' ಒಂದು ಮಾತಿಗೆ ಎರಡು ಅರ್ಥ ಎಂದು ದೊಡ್ಡ ಡಾಕ್ಟರಿಗೆ ಪಾಠ ಹೇಳಿಕೊಟ್ಟ ಜಾಣ ನಾನು. ದೀಪದ ಕೆಳಗೇ ಕತ್ತಲೆ. ಒಂಬತ್ತು ವರ್ಷ ಆ ಮಾತನ್ನು ಹೊತ್ತು ತಿರುಗಿ, ತಪ್ಪು ಮಗ್ಗುಲನ್ನೇ ನೋಡಿದ್ದೆ. ಬಲಮೊಣಕಾಲು ನೋವು ಎಂದಿದ್ದಳು ಅವಳು. ಅದನ್ನು ನಾನು ಒಪ್ಪಿಸಿದ್ದೆ. ಎಷ್ಟು ದಿನದಿಂದ ನೋವು ಎಂದು ಕೇಳಿರಲಿಲ್ಲ.

ಅಲ್ಲೇ ನಿಂತು ಗದಗಿಗೆ ಫೋನು ಹಚ್ಚಿದೆ. ಎತ್ತಿದಳು. ಹಿಂದೆ ಹೊಲಿಗೆ ಯಂತ್ರ ಟರಟರ ಎನ್ನುತ್ತಿತ್ತು. ಗ್ಯಾಸಿನ ಸುದ್ದಿಯೋ ರೇಷನ್ ಕಾರ್ಡಿನ ಸುದ್ದಿಯೋ ಇರಬೇಕೆಂದು ಹೂಂ ಎಂದಳು.

"ಶಶಿ, ಮೊಣಕಾಲು ಹೆಂಗೈತಿ?" ಎಂದೆ.

ಯಂತ್ರದ ಸದ್ದು ನಿಂತಿತು. ಅವಳ ಉಸಿರು ಕೇಳಿಸುತ್ತಿತ್ತು, ಗದಗಿನ ಬೀದಿಯಲ್ಲಿ ಯಾರೋ ಸೊಪ್ಪು ಮಾರುತ್ತಾ ಹೋದದ್ದು ಕೇಳಿಸಿತು. ಎಂದೂ ಇಲ್ಲದವನು ನಾನು ಆ ತಂತಿಗೆ ಕಿವಿಗೊಟ್ಟು ನಿಂತೆ. ಇಟ್ಟುಬಿಡುತ್ತಾಳೇನೋ ಎಂದು ಭಯವಾಯಿತು.

"ಏನ್ ಕೇಳಿದ್ರಿ?" ಎಂದಳು ಕಡೆಗೆ. ದನಿ ಬೇರೆಯಾಗಿತ್ತು. "ಇನ್ನೊಮ್ಮೆ ಕೇಳ್ರಿ."

ಕೇಳಿದೆ.